ಕಾರು ಬಿಡಿ, ಡಿಯರ್‌ಬಾರ್ನ್ ರಸ್ತೆ ಹಿಡಿಯಿರಿ: ಶಿಕಾಗೋಗೆ ಹೊಸದಾಗಿ ಬಂದ ಕನ್ನಡಿಗರಿಗೆ

ನೇಪರ್‌ವಿಲ್, ಅರೋರಾ, ಶಾಂಬರ್ಗ್ ಕಡೆ ಮನೆ ಮಾಡಿಕೊಂಡ ನಮ್ಮವರಲ್ಲಿ ಬಹಳ ಮಂದಿ ಡೌನ್‌ಟೌನ್ ಕಡೆ ತಲೆ ಹಾಕುವುದು ಊರಿಂದ ಅಪ್ಪ-ಅಮ್ಮ ಬಂದಾಗ ಮಾತ್ರ. ಕಾರಿನಲ್ಲಿ ಹೋಗುವುದು, ಪಾರ್ಕಿಂಗಿಗೆ ದುಡ್ಡು ಸುರಿಯುವುದು, ಬೀನ್ ಎಂಬ ಹೊಳೆಯುವ ಉಕ್ಕಿನ ಶಿಲ್ಪದ ಮುಂದೆ ಫೋಟೊ ತೆಗೆದುಕೊಂಡು ಸಂಜೆಯೊಳಗೆ ಮನೆ ಸೇರುವುದು. ವರ್ಷಗಟ್ಟಲೆ ಇಲ್ಲೇ ಇದ್ದರೂ ಊರು ಕಿಟಕಿಯಾಚೆಯೇ ಉಳಿದುಬಿಡುತ್ತದೆ. ಹಾಗಾಗಬಾರದು ಎಂದೇ ಹೊಸಬರು ಸಿಕ್ಕಾಗಲೆಲ್ಲ ನಾನು ಈ ದಾರಿ ಹೇಳುತ್ತೇನೆ. ಇಲ್ಲಿ ಟಿಕೆಟ್ಟಿಲ್ಲದೆ, ಯಾರ ಅಪ್ಪಣೆಯನ್ನೂ ಕೇಳದೆ ನೋಡಿ, ಮುಟ್ಟಿ, ಪಕ್ಕದಲ್ಲಿ ಕೂತು ಬುತ್ತಿ ಬಿಚ್ಚಬಹುದಾದ ಕಲಾಕೃತಿಗಳು ರಸ್ತೆ ರಸ್ತೆಯಲ್ಲಿವೆ. ಅವು ಎಲ್ಲರ ಸೊತ್ತು. ಇವತ್ತು ವಿಮಾನ ಇಳಿದವರಿಗೂ ಅಷ್ಟೇ ಹಕ್ಕಿದೆ.

ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಯಾವುದಾದರೂ ಶನಿವಾರ ಮೆಟ್ರಾ ರೈಲು ಹತ್ತಿ ಯೂನಿಯನ್ ಸ್ಟೇಷನ್‌ನಲ್ಲಿ ಇಳಿಯಿರಿ. ವಾರಾಂತ್ಯದಲ್ಲಿ ರೈಲುಗಳು ಕಡಿಮೆ, ಹಾಗಾಗಿ ವಾಪಸ್ ಬರುವ ರೈಲಿನ ಸಮಯವನ್ನು ಮೊದಲೇ ನೋಡಿಟ್ಟುಕೊಳ್ಳಿ. ಸ್ಟೇಷನ್ನಿನಿಂದ ಆಡಮ್ಸ್ ರಸ್ತೆ ಹಿಡಿದು ಪೂರ್ವಕ್ಕೆ ಹೊರಟರೆ ನದಿ ದಾಟಿದ ಕೂಡಲೇ ಬಲಕ್ಕೆ ವಿಲ್ಲಿಸ್ ಟವರ್, ಹಿಂದಿನ ಸಿಯರ್ಸ್ ಟವರ್. 110 ಮಹಡಿಯ ಈ ಕಟ್ಟಡ ನಿಲ್ಲುವ ಬಗೆಯನ್ನು ರೂಪಿಸಿದವರು ಢಾಕಾದಿಂದ ಬಂದ ಎಂಜಿನಿಯರ್ ಫಜಲುರ್ ರಹಮಾನ್ ಖಾನ್. ನಮ್ಮಲ್ಲಿ ಎಂಜಿನಿಯರುಗಳೇ ಹೆಚ್ಚು, ಅದಕ್ಕೇ ಹೇಳಿದೆ. ಮೇಲೆ ಹತ್ತುವುದು ಇನ್ನೊಂದು ದಿನಕ್ಕಿರಲಿ.

ಡಿಯರ್‌ಬಾರ್ನ್ ರಸ್ತೆ ಬಂದಾಗ ಕಪ್ಪು ಉಕ್ಕು-ಗಾಜಿನ ಸರ್ಕಾರಿ ಕಟ್ಟಡಗಳ ನಡುವೆ ಸಿಂಧೂರ ಬಣ್ಣದ್ದೊಂದು ಆಕೃತಿ ಕಾಲು ಚಾಚಿ ನಿಂತಿರುತ್ತದೆ. ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ 1974ರಲ್ಲಿ ನಿಲ್ಲಿಸಿದ ‘ಫ್ಲಮಿಂಗೊ’, 53 ಅಡಿ ಎತ್ತರ. ದೂರದಿಂದ ನೋಡಿ ಹೋಗಬೇಡಿ, ಅದರ ಕಮಾನುಗಳ ಕೆಳಗೆ ಹೋಗಿ ನಿಲ್ಲಿ. ಸುತ್ತಲಿನ ಸರ್ಕಾರಿ ಕಟ್ಟಡಗಳೆಲ್ಲ ವಾಸ್ತುಶಿಲ್ಪಿ ಮೀಸ್ ವಾನ್ ಡರ್ ರೋ ಅವರ ವಿನ್ಯಾಸ. ಎಲ್ಲ ನೇರ ಗೆರೆ, ಎಲ್ಲ ಕಪ್ಪು. ಆ ಶಿಸ್ತಿನ ನಡುವೆ ಕಾಲ್ಡರ್ ಯಾಕೆ ಕೆಂಪನ್ನೂ ಬಾಗುಗಳನ್ನೂ ತಂದ ಎಂಬುದು ಕೆಳಗೆ ನಿಂತು ತಲೆ ಎತ್ತಿದಾಗ ಯಾರೂ ವಿವರಿಸದೆಯೇ ತಿಳಿಯುತ್ತದೆ.

ಅಲ್ಲಿಂದ ಉತ್ತರಕ್ಕೆ ಒಂದೇ ಬ್ಲಾಕ್. ಮನ್ರೋ ರಸ್ತೆ ಮೂಲೆಯಲ್ಲಿ ಚೇಸ್ ಟವರ್ ಎದುರಿನ ಅಂಗಳದಲ್ಲಿ ಚಿತ್ರಕಲಾವಿದ ಮಾರ್ಕ್ ಶಗಾಲ್ ಅವರ ‘ನಾಲ್ಕು ಋತುಗಳು’. 70 ಅಡಿ ಉದ್ದದ, ನಾಲ್ಕೂ ಬದಿ ಮೊಸಾಯಿಕ್ ಹೊದ್ದ ಗೋಡೆ. ಇಲ್ಲಿ ಅವಸರ ಬೇಡ. ಒಂದು ಸುತ್ತು ಬನ್ನಿ, ಆಮೇಲೆ ಒಂದು ಕಡೆ ಹತ್ತಿರ ಹೋಗಿ ಮುಖವಿಟ್ಟು ನೋಡಿ. ಸೂರ್ಯ, ಮೀನು, ಹಕ್ಕಿ, ತೇಲುವ ಪ್ರೇಮಿಗಳು, ಎಲ್ಲವೂ ಬೆರಳುಗುರಿನಷ್ಟು ಕಲ್ಲು-ಗಾಜಿನ ಚೂರುಗಳೇ. 250ಕ್ಕೂ ಹೆಚ್ಚು ಬಣ್ಣಗಳಿವೆ. ಒಂದು ನೀಲಿ ಎಂದುಕೊಂಡದ್ದರಲ್ಲಿ ಎಷ್ಟು ನೀಲಿಗಳಿವೆ ಎಂದು ಮಕ್ಕಳಿಗೆ ಎಣಿಸಲು ಹೇಳಿ, ನೀವು ಅಷ್ಟು ಹೊತ್ತು ನಿಶ್ಚಿಂತೆಯಿಂದ ಇರಬಹುದು. ಇದನ್ನು ರೂಪಿಸುವ ಹೊತ್ತಿಗೆ ಶಗಾಲ್ ಈ ಊರನ್ನು ಕಂಡು ಬಹಳ ವರ್ಷಗಳಾಗಿದ್ದವು. 1974ರಲ್ಲಿ ಕೆಲಸ ಇಲ್ಲಿಗೆ ಬಂದ ಮೇಲೂ ಅವರು ಅದನ್ನು ತಿದ್ದುತ್ತಲೇ ಹೋದರು, ಹೊಸದಾಗಿ ಎದ್ದಿದ್ದ ಎತ್ತರದ ಕಟ್ಟಡಗಳನ್ನು ಚಿತ್ರಕ್ಕೆ ಸೇರಿಸಿದರು, ಶಿಕಾಗೋದ್ದೇ ಇಟ್ಟಿಗೆ ಚೂರುಗಳನ್ನು ಕೂರಿಸಿದರು. ಆ ಒರಟು ಇಟ್ಟಿಗೆ ತುಣುಕುಗಳನ್ನು ಹುಡುಕಿ ನೋಡಿ. ಮೇಲಿನ ಗಾಜಿನ ಮಾಡು ನಂತರದ್ದು, ಇಲ್ಲಿನ ಹಿಮ-ಮಳೆಗೆ ಮೊಸಾಯಿಕ್ ಕೆಡತೊಡಗಿದ್ದರಿಂದ 1994ರಲ್ಲಿ ಹಾಕಿದ್ದು.

ಇನ್ನೆರಡು ಬ್ಲಾಕ್ ನಡೆದರೆ ಡೇಲಿ ಪ್ಲಾಜಾ. ಅಲ್ಲಿ ಪಿಕಾಸೊ ಕೊಟ್ಟ 50 ಅಡಿ ಎತ್ತರದ ಉಕ್ಕಿನ ಶಿಲ್ಪ ನಿಂತಿದೆ. ಅದಕ್ಕೆ ಹೆಸರೇ ಇಲ್ಲ, ಎಲ್ಲರೂ ‘ಶಿಕಾಗೋ ಪಿಕಾಸೊ’ ಎನ್ನುತ್ತಾರೆ. ಅನಾವರಣವಾದದ್ದು 1967ರ ಆಗಸ್ಟ್ 15ರಂದು, ನಮ್ಮವರಿಗೆ ಮರೆಯಲಾಗದ ದಿನಾಂಕ. ಒಂದು ಲಕ್ಷ ಡಾಲರ್ ಕೊಡುತ್ತೇವೆಂದರೂ ಪಿಕಾಸೊ ತೆಗೆದುಕೊಳ್ಳಲಿಲ್ಲ, ಊರಿನ ಜನಕ್ಕೆ ಉಡುಗೊರೆ ಎಂದುಬಿಟ್ಟರು. ಹೆಂಗಸೋ, ಹಕ್ಕಿಯೋ, ನಾಯಿಯೋ ಎಂಬ ಜಗಳ ಅಂದಿನಿಂದ ಇಂದಿಗೂ ಮುಗಿದಿಲ್ಲ. ಮುಂದಿನಿಂದ ಒಂದು ಮುಖ, ಪಕ್ಕಕ್ಕೆ ಬಂದರೆ ಇನ್ನೊಂದು, ಆದ್ದರಿಂದ ಪೂರ್ತಿ ಪ್ರದಕ್ಷಿಣೆ ಹಾಕಿಯೇ ತೀರ್ಮಾನಿಸಿ. ಮೈಮೇಲಿನ ತುಕ್ಕು ಕಂಡು ನೋಡಿಕೊಳ್ಳುವವರಿಲ್ಲ ಎಂದುಕೊಳ್ಳಬೇಡಿ. ಇದು ಕಾರ್‌ಟೆನ್ ಉಕ್ಕು, ಮೇಲ್ಪದರದ ತುಕ್ಕೇ ಒಳಗಿನ ಲೋಹವನ್ನು ಕಾಯುತ್ತದೆ. ಹಿಂದಿನ ಕೋರ್ಟು ಕಟ್ಟಡದ್ದೂ ಅದೇ ಲೋಹ. ಕೆಳಗಿನ ಇಳಿಜಾರಿನಲ್ಲಿ ಮಕ್ಕಳು ಜಾರುಬಂಡೆ ಆಡುತ್ತಿರುತ್ತಾರೆ. ನಿಮ್ಮ ಮಕ್ಕಳನ್ನೂ ಬಿಡಿ, ಯಾರೂ ಬೈಯುವುದಿಲ್ಲ. ನಮ್ಮಲ್ಲಿ ಕಲಾಕೃತಿ ಎಂದರೆ ಮುಟ್ಟಬಾರದ್ದು ಎಂಬ ಅಭ್ಯಾಸ, ಇಲ್ಲಿ ಆ ಸಂಕೋಚ ಬಿಡಬೇಕು. ರಸ್ತೆಯ ಆಚೆ ಬದಿಗೆ, ಎರಡು ಕಟ್ಟಡಗಳ ಸಂದಿಯಲ್ಲಿ, ಸ್ಪೇನಿನ ಕಲಾವಿದ ಮಿರೊ ಮಾಡಿದ ಹೆಣ್ಣಾಕೃತಿ ಇದೆ. ಅದನ್ನು ಕಾಣದೆ ಹೋಗುವವರೇ ಹೆಚ್ಚು.

ಇಷ್ಟೆಲ್ಲ ಒಂದೇ ರಸ್ತೆಯಲ್ಲಿ ಹೇಗೆ ಬಂತು ಎಂದು ಕೇಳಿದರೆ, ಪಿಕಾಸೊ ಶಿಲ್ಪ ನಿಂತ ಮೇಲೆ ಊರಿಗೇ ಇದರ ರುಚಿ ಹತ್ತಿತು. 1978ರಲ್ಲಿ ನಗರಸಭೆ ಕಾನೂನನ್ನೇ ಮಾಡಿತು: ನಗರದ ಸರ್ಕಾರಿ ಕಟ್ಟಡ ಕಟ್ಟುವಾಗ ವೆಚ್ಚದ ಒಂದು ಪಾಲನ್ನು ಕಲೆಗೆಂದು ತೆಗೆದಿಡಬೇಕು. ಹಾಗಾಗಿ ಬಡಾವಣೆಯ ಲೈಬ್ರರಿ, ಪೊಲೀಸ್ ಠಾಣೆಗಳಲ್ಲೂ ಗೋಡೆಯ ಕಡೆ ಒಮ್ಮೆ ಕಣ್ಣು ಹಾಯಿಸಿ.

ವಾಷಿಂಗ್ಟನ್ ರಸ್ತೆಯಲ್ಲಿ ಪೂರ್ವಕ್ಕೆ ಹೋಗಿ ಕಲ್ಚರಲ್ ಸೆಂಟರ್ ಹೊಕ್ಕರೆ ವಯಸ್ಸಾದವರಿಗೆ ಸ್ವಲ್ಪ ದಣಿವಾರುತ್ತದೆ. ಪ್ರವೇಶ ಉಚಿತ, ಶೌಚಾಲಯ ಇದೆ, ಲಿಫ್ಟ್ ಇದೆ. 1897ರಲ್ಲಿ ಸಾರ್ವಜನಿಕ ಗ್ರಂಥಾಲಯವಾಗಿ ಕಟ್ಟಿದ್ದು. ಮೂರನೇ ಮಹಡಿಯ ಟಿಫನಿ ಗಾಜಿನ ಗುಮ್ಮಟ 38 ಅಡಿ ಅಗಲ.

ಹೊರಬಂದರೆ ಎದುರಿಗೇ ಮಿಲೇನಿಯಂ ಪಾರ್ಕ್. ಬೀನ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹೇಗೂ ನೋಡುತ್ತೀರಿ. ಮುಂಬಯಿಯಲ್ಲಿ ಹುಟ್ಟಿದ ಅನೀಶ್ ಕಪೂರ್ ಅವರದ್ದು, 168 ಸ್ಟೀಲ್ ತಗಡುಗಳನ್ನು ಬೆಸೆದು ಬೆಸುಗೆಯ ಗುರುತೇ ಕಾಣದಂತೆ ಉಜ್ಜಿದ್ದಾರೆ. ಈ ಉದ್ಯಾನದಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ಜನ ಬೇಗ ದಾಟಿಬಿಡುವ ಲೂರಿ ಗಾರ್ಡನ್. ಎತ್ತರದ ಬೇಲಿಯ ಆಚೆಗೆ ಇಲಿನಾಯ್ ಬಯಲುಸೀಮೆಯ ಹುಲ್ಲು, ಹೂಗಿಡಗಳು. ಗಿಡಗಳನ್ನು ಆರಿಸಿ ಜೋಡಿಸಿದವರು ಡಚ್ ತೋಟಗಾರ ಪೀಟ್ ಔಡಾಲ್ಫ್. ಜೂನ್ ಹೊತ್ತಿಗೆ ಸಾಲ್ವಿಯಾ ಹೂ ನೇರಳೆ ಹೊಳೆಯ ಹಾಗೆ ಹರಿದಿರುತ್ತದೆ. ಚಳಿಗಾಲದಲ್ಲಿ ಒಣಗಿದ ದಂಟುಗಳನ್ನು ಕತ್ತರಿಸದೆ ಬಿಟ್ಟಿರುತ್ತಾರೆ. ಹಕ್ಕಿಗೆ ಬೀಜ, ಹುಳುಗಳಿಗೆ ಮನೆ. ಒಂದು ಮಾತು ಮುಂಚೆಯೇ ಅಮ್ಮಂದಿರಿಗೆ ಹೇಳಿಡಿ: ಪೂಜೆಗೆಂದು ಇಲ್ಲಿ ಹೂ ಕೀಳುವಂತಿಲ್ಲ. ಇನ್ನು ಇಡೀ ಉದ್ಯಾನವೇ ಒಂದು ತಾರಸಿ ತೋಟ. ನೀವು ನಿಂತ ಹುಲ್ಲಿನ ಕೆಳಗೆ ಕಾರ್ ಪಾರ್ಕಿಂಗ್ ಇದೆ, ರೈಲು ಓಡುತ್ತಿದೆ.

ಜೂನ್ ಮಧ್ಯದಿಂದ ಆಗಸ್ಟ್‌ವರೆಗೆ ಇದೇ ಉದ್ಯಾನದ ಬಯಲು ವೇದಿಕೆ ಪ್ರಿಟ್ಸ್‌ಕರ್ ಪೆವಿಲಿಯನ್‌ನಲ್ಲಿ ಸಂಜೆ ಉಚಿತ ಆರ್ಕೆಸ್ಟ್ರಾ ಕಛೇರಿಗಳು ನಡೆಯುತ್ತವೆ. ಒಂದು ಚಾಪೆ, ಡಬ್ಬಿಯಲ್ಲಿ ಚಿತ್ರಾನ್ನ, ಮೊಸರನ್ನ ಇದ್ದರೆ ಸಾಕು. ಹುಲ್ಲುಹಾಸಿನ ಮೇಲೆ ಕೂತು ಉಣ್ಣಬಹುದು, ಪಕ್ಕದವರೇ ಡಬ್ಬಿಯಲ್ಲಿ ಏನಿದೆ ಎಂದು ಕೇಳಿ ಮಾತಿಗಿಳಿಯುತ್ತಾರೆ. ನನಗೆ ಈ ಊರಿನಲ್ಲಿ ಕನ್ನಡ ಕೂಟದ ಹೊರಗೆ ಸಿಕ್ಕ ಮೊದಲ ಸ್ನೇಹಗಳು ಆ ಹುಲ್ಲಿನ ಮೇಲಿನವು.

ದಕ್ಷಿಣಕ್ಕೆ ಬಂದರೆ ಕಂಚಿನ ಸಿಂಹಗಳ ಆರ್ಟ್ ಇನ್‌ಸ್ಟಿಟ್ಯೂಟ್. 1893ರ ಸೆಪ್ಟೆಂಬರ್ 11ರಂದು ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತಾಡಿದ್ದು ಇಲ್ಲೇ. ಮುಂದಿನ ರಸ್ತೆಯ ಆ ಭಾಗಕ್ಕೆ ಅವರ ಹೆಸರಿನ ಫಲಕವಿದೆ. ಅದಕ್ಕೆ ಹಿಂದಿನ ವರ್ಷ ಅವರು ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದರು, 1894ರ ಜೂನ್‌ನಲ್ಲಿ ಶಿಕಾಗೋದಿಂದ ಮಹಾರಾಜರಿಗೆ ಪತ್ರವನ್ನೂ ಬರೆದರು. ಮಕ್ಕಳಿಗೆ ಈ ಕಥೆಯನ್ನು ಆ ಮೆಟ್ಟಿಲ ಮೇಲೆ ಕೂತೇ ಹೇಳಿ. ಒಳಗೆ ಹೋಗಲು ಟಿಕೆಟ್ ಬೇಕು, ಇಲಿನಾಯ್ ನಿವಾಸಿಗಳಿಗೆ ವರ್ಷದಲ್ಲಿ ಕೆಲವು ದಿನ ಉಚಿತ. ಟಿಕೆಟ್ ಇಲ್ಲದೆಯೂ ಪಕ್ಕದ ದಕ್ಷಿಣದ ತೋಟದಲ್ಲಿ ಮರಗಳ ನೆರಳಿಗೆ ಕೂರಬಹುದು. ಅಲ್ಲಿನ ಕಾರಂಜಿಯಲ್ಲಿ ಐವರು ಹೆಂಗಸರು, ಐದು ಮಹಾ ಸರೋವರಗಳು. ಒಬ್ಬಳ ಚಿಪ್ಪಿನಿಂದ ಇನ್ನೊಬ್ಬಳ ಚಿಪ್ಪಿಗೆ ನೀರು ಇಳಿಯುವ ಕ್ರಮ ನಿಜವಾಗಿ ಸರೋವರಗಳ ನೀರು ಹರಿಯುವ ಕ್ರಮವೇ.

ಪೂರ್ವಕ್ಕೆ ನೋಡಿದರೆ ಕೆರೆಯವರೆಗೂ, ಅಂದರೆ ಮಿಶಿಗನ್ ಸರೋವರದವರೆಗೂ, ಬಯಲು. ಭೂಮಿಗೆ ಇಷ್ಟು ಬೆಲೆಯಿರುವಲ್ಲಿ ಅದು ತಾನಾಗಿ ಉಳಿದದ್ದಲ್ಲ. ಈ ಜಾಗ ಎಂದೆಂದಿಗೂ ಕಟ್ಟಡಗಳಿಲ್ಲದೆ ತೆರೆದಿರಬೇಕೆಂದು 1836ರ ನಕ್ಷೆಯಲ್ಲಿ ಬರೆದಿದ್ದರು. ಅದನ್ನು ಹಿಡಿದುಕೊಂಡು ಮಾಂಟ್ಗೊಮರಿ ವಾರ್ಡ್ ಎಂಬ ವ್ಯಾಪಾರಿ 1890ರಿಂದ ಇಪ್ಪತ್ತು ವರ್ಷ ಕೋರ್ಟಿಗೆ ಅಲೆದ. ಊರಿನ ದೊಡ್ಡವರೆಲ್ಲ ಅವನನ್ನು ಶಪಿಸಿದರು. ಇಂದು ನಾವು ನೀವು ಹುಲ್ಲಿನ ಮೇಲೆ ಕೂತು ಕೆರೆ ನೋಡುತ್ತಿರುವುದು ಅವನ ಹಟದಿಂದ.

ಅಲ್ಲಿಂದ ಆಡಮ್ಸ್ ರಸ್ತೆಯಲ್ಲಿ ನೇರ ಪಶ್ಚಿಮಕ್ಕೆ ನಡೆದರೆ ಮತ್ತೆ ಸ್ಟೇಷನ್. ಒಟ್ಟು ಸುಮಾರು 3 ಮೈಲಿ. ಕೆರೆ ಗಾಳಿ ಬೇಸಿಗೆಯಲ್ಲೂ ತಣ್ಣಗಿರುತ್ತದೆ, ಒಂದು ಸ್ವೆಟರ್ ಇರಲಿ.

ಜನವರಿಯಲ್ಲಿ ಈ ದಾರಿ ಹಿಡಿಯಬೇಡಿ. ಆಗ ಗ್ರೀನ್ ಲೈನ್ ರೈಲಿನಲ್ಲಿ ಗಾರ್ಫೀಲ್ಡ್ ಪಾರ್ಕ್ ಕನ್ಸರ್ವೇಟರಿಗೆ ಹೋಗಿ, ಸ್ಟೇಷನ್ ಪಕ್ಕದಲ್ಲೇ ಇದೆ. 1908ರ ಗಾಜಿನ ಮನೆ, ಪ್ರವೇಶ ಉಚಿತ. ವಾರದಲ್ಲಿ ಕೆಲವು ದಿನ ಮುಚ್ಚಿರುತ್ತಾರೆ, ನೋಡಿಕೊಂಡು ಹೊರಡಿ. ಹೊರಗೆ ಹಿಮ ಸುರಿಯುತ್ತಿದ್ದರೂ ಒಳಗೆ ಬಾಳೆ, ಕಬ್ಬು ಬೆಳೆದು ನಿಂತಿರುತ್ತವೆ. ಮೊದಲ ಚಳಿಗಾಲಕ್ಕೆ ಕಂಗಾಲಾಗಿ ಮನೆಯೊಳಗೇ ಕೂತ ಅಪ್ಪ-ಅಮ್ಮನನ್ನು ಮೊದಲು ಕರೆದೊಯ್ಯಬೇಕಾದದ್ದು ಅಲ್ಲಿಗೇ. ಒಳಗೆ ಒಳ್ಳೇ ಸೆಖೆ, ದಪ್ಪ ಜಾಕೆಟ್‌ಗಳನ್ನು ಹಾಕಿಕೊಳ್ಳಲು ಒಂದು ದೊಡ್ಡ ಚೀಲ ಒಯ್ಯಿರಿ.