ಕಾವಿ ಗೋಡೆಯಿಂದ ಊಟದ ಎಲೆಗೆ: ಕುಮಟೆಯಲ್ಲಿ ನನ್ನ ಅನುಭವ

ಉತ್ತರ ಕನ್ನಡಕ್ಕೆ ವಲಸೆ ಬಂದವರ ಅಡುಗೆಗಳಿಂದಲೇ ಊಟದ ಪಟ್ಟಿ ಕಟ್ಟುತ್ತೇನೆ ಎಂದಾಗ, ಕುಮಟೆಯಲ್ಲಿ ಮೀನೂಟ ಬಿಟ್ಟರೆ ಬೇರೇನೂ ನಡೆಯದು ಎಂದು ಕಸುಬಿನ ಹಿರಿಯರು ಹೇಳಿದ್ದರು. ಈಗ ಶನಿವಾರ, ಭಾನುವಾರಗಳಂದು ಮೊದಲೇ ತಿಳಿಸದೆ ಬಂದವರಿಗೆ ಜಾಗ ಸಿಗುವುದಿಲ್ಲ.

ಪಟ್ಟಿಯ ಮೊದಲಿಗೆ ಕಾಳುಮೆಣಸಿನ ಸಾರನ್ನು ಇಟ್ಟಿದ್ದೇನೆ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಈ ಕಾಳಿನ ವ್ಯಾಪಾರದಿಂದಾಗಿಯೇ ಆದ್ದರಿಂದ, ಆ ಸಾರಿಗೆ ಒಣಮೆಣಸನ್ನು ಮುಟ್ಟಿಸುವುದಿಲ್ಲ. ಅನಂತರ ಭಟ್ಕಳದ ನವಾಯತ ಮುಸ್ಲಿಮರ ಶಾವಿಗೆ ಬಿರಿಯಾನಿ, ಗೋವೆಯಿಂದ ಬಂದ ಸಾರಸ್ವತರ ದಾಳಿತೋವೆ ಎಂಬ ಬೇಳೆಸಾರು, ಯಲ್ಲಾಪುರದ ಆಫ್ರಿಕಾ ಮೂಲದ ಸಿದ್ದಿಗಳ ಕೆಂಪಿರುವೆ ಚಟ್ನಿ, ಮುಂಡಗೋಡಿನ ಟಿಬೆಟನ್ನರ ಟಿಂಗ್ಮೊ ಎಂಬ ಹಬೆಯಲ್ಲಿ ಬೇಯಿಸಿದ ರೊಟ್ಟಿ ಬರುತ್ತವೆ. ಚಟ್ನಿಯಿಂದ ಲಾಭವಿಲ್ಲ, ಆದರೂ ಅದನ್ನು ತೆಗೆಯುವುದಿಲ್ಲ. ಸಸ್ಯಾಹಾರಿಗಳು ನಂಬಿ ಉಣ್ಣಬೇಕೆಂದು ಒಲೆ, ಪಾತ್ರೆಗಳನ್ನು ಬೇರೆ ಮಾಡಿದ್ದಕ್ಕೇ ಒಂದು ಲಕ್ಷದ ಮೇಲೆ ಹೋಯಿತು.

ಹೆಚ್ಚು ಕಾಡಿದ್ದು ಕೊನೆಯ ಸಿಹಿ. ಅಂಕೋಲಾ, ಗೋಕರ್ಣಗಳ ದೇವಸ್ಥಾನದ ಗೋಡೆಗಳಲ್ಲಿರುವ ಕಾವಿ ಕಲೆಯಲ್ಲಿ ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣವನ್ನು ಕೊಟ್ಟು, ಅದು ಹಸಿಯಿರುವಾಗಲೇ ಕಂಠವೆಂಬ ಮೊನಚಾದ ಕಡ್ಡಿಯಿಂದ ಕೆರೆದು ಒಳಗಿನ ಬಿಳಿಯನ್ನು ತೋರಿಸುತ್ತಾರೆ. ಅದೇ ರೀತಿಯಲ್ಲಿ ಅಕ್ಕಿ, ಕಾಯಿಹಾಲಿನ ಬಿಳಿ ಮಣ್ಣಿಯ ಮೇಲೆ ಮುರುಗಲು (ಕೋಕಂ) ರಸದ ತೆಳು ಪದರ ಹರಡಿ, ಬಳ್ಳಿಯ ಚಿತ್ತಾರ ಕೆರೆಯಬೇಕೆಂದುಕೊಂಡೆ. ಚೈನಾ ಗ್ರಾಸ್ ಹಾಕಿದರೆ ಕೆಂಪು ಪದರ ಸಿಪ್ಪೆಯಂತೆ ಎದ್ದು ಬರುತ್ತಿತ್ತು. ಆರಾರೂಟ್ ಹಾಕಿದರೆ ಬಣ್ಣ ಕೆಳಗಿಳಿದು ಬಿಳಿಯೆಲ್ಲ ನಸುಗೆಂಪಾಗುತ್ತಿತ್ತು. ಹೀಗೆ ಚೆಲ್ಲಿದ ಕಾಯಿ, ಸಕ್ಕರೆಯ ಲೆಕ್ಕವೇ ಹತ್ತು ಹನ್ನೆರಡು ಸಾವಿರ ದಾಟಿರಬೇಕು. ಕೊನೆಗೆ ಮಣ್ಣಿಯನ್ನು ರಾತ್ರಿಯಿಡೀ ಆರಲು ಬಿಟ್ಟು, ಮೇಲ್ಪದರಕ್ಕೆ ಮನೆಯಲ್ಲೇ ಬೀಸಿದ ಒಂದು ಹಿಟ್ಟನ್ನು ಸೇರಿಸಿದಾಗ ಗೆರೆ ಸ್ಪಷ್ಟವಾಗಿ ನಿಂತಿತು. ಅದು ಯಾವ ಹಿಟ್ಟು, ಎಷ್ಟು ಬಿಸಿಯಲ್ಲಿ ಸೇರಿಸಬೇಕು ಎಂಬುದನ್ನು ನನ್ನ ಅಡುಗೆಮನೆಯಲ್ಲೇ ಉಳಿಸಿಕೊಳ್ಳುತ್ತೇನೆ. ಕೆರೆಯಲು ಮಾತ್ರ ತೆಂಗಿನ ಗರಿಯ ಕಡ್ಡಿಗಿಂತ ಒಳ್ಳೆಯ ಸಾಧನವಿಲ್ಲ.

ನಡುವೆ ನಾಲಿಗೆ ಜುಮ್ಮೆನಿಸುವ ಮಸಾಲೆಯಾದ ಜುಮ್ಮನಕಾಯಿ ಹಾಕಿದ ಬಂಗಡೆ ಸಾರಿನೊಂದಿಗೆ ಟಿಂಗ್ಮೊ ಬಡಿಸಿ ನೋಡಿದೆ. ಅದರ ಮಡಿಕೆಗಳು ಸಾರನ್ನು ಹೀರಿಕೊಳ್ಳುವ ಬಗೆ ಯಾವ ರೊಟ್ಟಿಗೂ ಇಲ್ಲ. ಈಗ ಹೆಚ್ಚು ಮಾರಾಟವಾಗುವುದು ಅದೇ.

ಊಟಕ್ಕೆ ಸುಮಾರು ನಾನೂರೈವತ್ತು ರೂಪಾಯಿ ಇಟ್ಟಿದ್ದೇನೆ. ಮೊದಲು ಅದರಲ್ಲಿ ಅರ್ಧದಷ್ಟು ಸಾಮಾನಿಗೇ ಹೋಗುತ್ತಿತ್ತು, ಈಗ ಮೂರರಲ್ಲಿ ಒಂದು ಪಾಲಿಗೆ ಇಳಿದಿದೆ. ಮಳೆ ಹಿಡಿದ ಮೇಲೆ ಮುರುಗಲು ದುಬಾರಿಯಾಗುತ್ತದೆ. ಮೇ ತಿಂಗಳಲ್ಲೇ ಹಣ್ಣು ಕೊಂಡು ಸಿಪ್ಪೆ ಒಣಗಿಸಿಟ್ಟರೆ ವರ್ಷವಿಡೀ ಸಾಕಾಗುತ್ತದೆ.