ವಾರ್ಡಿನಲ್ಲಿ ರಂಪಣಿ ಎಳೆದವರು

ನಾನು ಮನೋವೈದ್ಯ. ಕಾರವಾರದಲ್ಲಿ ಮೆಡಿಕಲ್ ವಿದ್ಯಾರ್ಥಿಗಳಿಗೆ ಪಾಠವನ್ನೂ ಮಾಡುತ್ತೇನೆ. ನನ್ನ ಅರ್ಧ ದಿನ ಬೇರೆ ವಾರ್ಡುಗಳಲ್ಲೇ ಕಳೆಯುತ್ತದೆ. ಮೂಳೆ, ಕಿಡ್ನಿ, ಹೃದಯ, ಎಲ್ಲ ಕಡೆಯಿಂದಲೂ ಕರೆ ಬರುತ್ತದೆ.

ಎಂ.ಡಿ. ಮುಗಿಸಿದ ಹೊಸದರಲ್ಲಿ, ಬೇರೆ ಊರಿನ ಆಸ್ಪತ್ರೆಯಲ್ಲಿದ್ದಾಗ, ಶಿರಸಿ ಕಡೆಯ ಅಜ್ಜಿಯೊಬ್ಬರನ್ನು ನೋಡಿದ್ದೆ. ವಾಂತಿ ಅಂತ ಅಡ್ಮಿಟ್ ಆಗಿದ್ದರು. ಗೋಡೆ ಕಡೆ ತಿರುಗಿ ಸುಮ್ನೆ ಮಲಗಿದ್ದರು. ಊಟ ಬೇಡ, ಮಾತು ಬೇಡ. ಖಿನ್ನತೆ ಅಂತ ಬರೆದು ಮಾತ್ರೆ ಕೊಟ್ಟೆ. ‘ಯಾವಾಗಿನಿಂದ ಹೀಗೆ?’ ಅಂತ ಮಗಳನ್ನು ಕೇಳಲೇ ಇಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು, ಹಿಂದಿನ ದಿನ ಸಂಜೆಯಿಂದ ಅಷ್ಟೇ! ಖಿನ್ನತೆ ಒಂದು ಸಂಜೆಯಲ್ಲಿ ಹಾಗೆ ಬಂದು ಕೂರುವುದಿಲ್ಲ. ರಕ್ತದಲ್ಲಿ 135ರ ಮೇಲಿರಬೇಕಾದ ಸೋಡಿಯಂ 118ಕ್ಕೆ ಇಳಿದಿತ್ತು. ನಾನು ಬರೆದ ಮಾತ್ರೆ ಅದನ್ನು ಇನ್ನೂ ಇಳಿಸಬಲ್ಲಂಥದ್ದು. ಅದು ಡೆಲಿರಿಯಂ, ಅಂದರೆ ದೇಹದ ತೊಂದರೆಯಿಂದ ಮನಸ್ಸು ದಿಢೀರ್ ಗಲಿಬಿಲಿಯಾಗುವುದು. ಇದು ಗಲಾಟೆಯಿಲ್ಲದ ಬಗೆಯದು. ಫಿಸಿಷಿಯನ್ ರಿಪೋರ್ಟ್ ನೋಡಿ ತಡೆದರು. ಅಜ್ಜಿ ಹುಷಾರಾದರು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಈಗ ವಿದ್ಯಾರ್ಥಿಗಳಿಗೆ ಮೊದಲು ಹೇಳಿಕೊಡುವುದೇ ಆ ಪ್ರಶ್ನೆ. ಆಮೇಲೆ ಗಮನ ನಿಲ್ಲುತ್ತದಾ ಅಂತ ನೋಡುವುದು. ಪುಸ್ತಕದಲ್ಲಿ ತಿಂಗಳುಗಳನ್ನು ಹಿಂದಿನಿಂದ ಹೇಳಿಸಿ ಅಂತಿದೆ. ಶಾಲೆಗೆ ಹೋಗದವರಿಗೆ ನಾವು ವಾರದ ದಿನಗಳನ್ನು ಹೇಳಿಸುತ್ತೇವೆ, ಕೊಂಕಣಿಯಾದರೆ ಕೊಂಕಣಿಯಲ್ಲೇ. ತಾರೀಕು ಕೇಳುವ ಬದಲು ‘ಈಗ ಟ್ರಾಲರ್ ಬೋಟು ಹೋಗ್ತಾವಾ, ಬಂದ್ ಇದೆಯಾ?’ ಅನ್ನುತ್ತೇವೆ. ಜೂನ್, ಜುಲೈನಲ್ಲಿ ಬಂದ್ ಅಂತ ಕರಾವಳಿಯಲ್ಲಿ ಯಾರಿಗೆ ಗೊತ್ತಿಲ್ಲ?

ಕುಮಟಾ ಕಡೆಯ ಮೀನುಗಾರರೊಬ್ಬರು ಕಾಲು ಮುರಿದು ಬಂದಿದ್ದರು. ಮೂರನೇ ರಾತ್ರಿ ಕರೆ ಬಂತು. ಬೆವರು, ನಡುಕ, ಕಣ್ಣು ಅತ್ತಿತ್ತ. ಎರಡೂ ಕೈಯಲ್ಲಿ ಹೊದಿಕೆಯನ್ನು ಹಿಡಿದು, ಒಂದರ ಹಿಂದೆ ಒಂದರಂತೆ ಎದೆಗೆ ಎಳೆದುಕೊಳ್ಳುತ್ತಿದ್ದರು. ಮನೆಯವರು ಯಾವುದೋ ಗಾಳಿ ಸೋಕಿದೆ ಅಂದರು. ಮಗ ಮಾತ್ರ ಮೆತ್ತಗೆ, ‘ಅಪ್ಪ ರಂಪಣಿ ಎಳೀತಿದ್ದಾರೆ’ ಅಂದ. ರಂಪಣಿ ಅಂದರೆ ದಡದಿಂದ ಹಲವರು ಸೇರಿ ಎಳೆಯುವ ದೊಡ್ಡ ಮೀನುಬಲೆ. ದಿನಾ ಕುಡಿಯುತ್ತಿದ್ದರು, ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಇದೂ ಡೆಲಿರಿಯಂ. ಕುಡಿತ ದಿಢೀರ್ ನಿಂತರೆ ಎರಡು ಮೂರು ದಿನಕ್ಕೆ ಹೀಗಾಗುತ್ತದೆ, ಜೀವಕ್ಕೇ ಅಪಾಯ. ಶಾಂತಗೊಳಿಸುವ ಔಷಧಿ ಲೊರಾಜೆಪಾಮ್ ಕೊಟ್ಟೆವು. ಗ್ಲೂಕೋಸ್ ಹಚ್ಚುವ ಮೊದಲೇ ಥಯಾಮಿನ್, ಅಂದರೆ ಬಿ1 ವಿಟಮಿನ್. ಮಗನನ್ನು ಪಕ್ಕದಲ್ಲೇ ಕೂರಿಸಿದೆವು, ಪರಿಚಯದ ದನಿ ಕಿವಿಗೆ ಬೀಳುತ್ತಿರಲಿ ಅಂತ.

ಐದನೇ ದಿನ ತಿಳಿಯಾದರು. ಕುಡಿತದ ಮಾತು ಆಮೇಲೆ, ನಿಧಾನಕ್ಕೆ. ಈಗ ಕಾಲು ತೋರಿಸಲು ಬಂದ ದಿನವೇ ನನ್ನ ಹತ್ತಿರವೂ ಬರುತ್ತಾರೆ. ಮೂಳೆ ಡಾಕ್ಟರ್ ಹತ್ತಿರ ಮಾತಾಡಿ ಒಂದೇ ತಾರೀಕು ಕೊಡಿಸಿದ್ದೇನೆ. ಊರುಗೋಲು ಹಿಡಿದು ಬಸ್ಸಿನಲ್ಲಿ ಎರಡೆರಡು ಸಲ ಬರೋದು ಅವರಿಗೆ ಕಷ್ಟ ಅಲ್ವಾ.