ಹವ್ಯಾಸಿ ತಂಡದಿಂದ ಗೇ ನಾಟಕಗಳ ಸರಣಿ ಮಾಡುವುದು ಹೇಗೆ?

ಮೊದಲೇ ಹೇಳಿಬಿಡುತ್ತೇನೆ, ಒಂದೇ ನಾಟಕ ಆಡಿ ಕೈತೊಳೆದುಕೊಳ್ಳಬೇಡಿ. ಮೂರಾದರೂ ಇರಲಿ. ಒಂದೇ ಆಡಿದರೆ ಅದರಲ್ಲಿರುವ ಗೇ ಪಾತ್ರ ಅತ್ತರೆ "ಪಾಪ, ಇವರ ಬದುಕೇ ಹೀಗೆ" ಅನ್ನುತ್ತಾರೆ, ನಕ್ಕರೆ "ಇವರೆಲ್ಲ ಹೀಗೇ ಕಣ್ರೀ" ಅನ್ನುತ್ತಾರೆ. ಮೂರು ನಾಟಕದಲ್ಲಿ ಏಳೆಂಟು ಥರದ ಜನ ಬಂದು ಹೋದರೆ ಆ ಮಾತು ತಾನಾಗೇ ನಿಲ್ಲುತ್ತದೆ.

ಯಾವ ನಾಟಕ? ನಮ್ಮ ಬೆಂಗಳೂರಿನವರೇ ಆದ ಮಹೇಶ್ ದತ್ತಾನಿ ಬರೆದ 'ಆನ್ ಎ ಮಗ್ಗಿ ನೈಟ್ ಇನ್ ಮುಂಬೈ' ಓದಿ ನೋಡಿ. 1998ರದು, ಇಂಗ್ಲಿಷ್ ನಾಟಕ. ಮುಂಬೈನ ಒಂದು ಫ್ಲ್ಯಾಟಿನಲ್ಲಿ ಗೆಳೆಯರೆಲ್ಲ ಸೇರುತ್ತಾರೆ, ಕಮಲೇಶನ ಹಳೆಯ ಪ್ರೇಮಿಯೇ ಅವನ ಸೋದರಿಯನ್ನು ಮದುವೆಯಾಗಲು ಹೊರಟಿದ್ದಾನೆ ಅನ್ನುವುದು ಕಥೆ. ಅದರಲ್ಲಿ ಶರದ್ ಅಂತ ಒಬ್ಬ ಇದ್ದಾನೆ, ಮಾತು ಮಾತಿಗೂ ನಗಿಸುತ್ತಾನೆ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ. ವಿಜಯ್ ತೆಂಡೂಲ್ಕರರ ಮರಾಠಿ ನಾಟಕ 'ಮಿತ್ರಾಚಿ ಗೋಷ್ಟ' 1981ರಷ್ಟು ಹಿಂದೆಯೇ ಹೆಣ್ಣನ್ನು ಪ್ರೀತಿಸುವ ಹೆಣ್ಣನ್ನು ರಂಗಕ್ಕೆ ತಂದಿತು. ಗಟ್ಟಿ ನಾಟಕ, ಆದರೆ ಕೊನೆಗೆ ಮಿತ್ರಾ ಆತ್ಮಹತ್ಯೆ ಮಾಡಿಕೊಳ್ಳುತ್ತಾಳೆ. ಅದನ್ನು ಆಡುವುದಾದರೆ ಆಡಿ, ಆದರೆ ಸರಣಿಯ ಕೊನೆಗೆ ಇಡಬೇಡಿ. ಜನ ಸಾವಿನ ಭಾರ ಹೊತ್ತು ಮನೆಗೆ ಹೋದರೆ ಅವರಿಗೆ ನೆನಪಿರುವುದು ಅದೊಂದೇ. ಕನ್ನಡದ್ದೇ ಬೇಕು ಅಂದರೆ ವಸುಧೇಂದ್ರರ 'ಮೋಹನಸ್ವಾಮಿ' ಕಥೆಗಳಿವೆ, ಒಂದೆರಡು ಕಥೆ ಆರಿಸಿ ರಂಗಪಠ್ಯ ಮಾಡಿಕೊಳ್ಳಬಹುದು.

ಅನುಮತಿ ಇಲ್ಲದೆ ಮಾತ್ರ ತಾಲೀಮು ಶುರು ಮಾಡಬೇಡಿ. ಲೇಖಕರು ತೀರಿಕೊಂಡು 60 ವರ್ಷ ಆಗುವ ತನಕ ಹಕ್ಕು ವಾರಸುದಾರರದ್ದೇ. ತೆಂಡೂಲ್ಕರ್ ಹೋಗಿದ್ದು 2008ರಲ್ಲಿ, ಲೆಕ್ಕ ಹಾಕಿಕೊಳ್ಳಿ. ಅನುವಾದಕ್ಕೆ ಒಂದು ಒಪ್ಪಿಗೆ, ಪ್ರದರ್ಶನಕ್ಕೆ ಇನ್ನೊಂದು, ಎರಡೂ ಬರಹದಲ್ಲಿರಲಿ. ಕಥೆಯನ್ನು ನಾಟಕ ಮಾಡುವುದಕ್ಕೂ ಹಾಗೇ.

ಯಾವಾಗ ಆಡಬೇಕು ಅನ್ನುವುದು ದೊಡ್ಡ ತಲೆನೋವು. ಸಲಿಂಗ ಸಂಬಂಧ ಅಪರಾಧವಲ್ಲ ಅಂದ ಸೆಕ್ಷನ್ 377ರ ತೀರ್ಪು ಬಂದಿದ್ದು 2018ರ ಸೆಪ್ಟೆಂಬರ್ 6ಕ್ಕೆ, ಆ ದಿನ ಶುರು ಮಾಡಿದರೆ ಚೆನ್ನ ಅನ್ನಿಸುತ್ತದೆ, ಆದರೆ ಎಷ್ಟೋ ವರ್ಷ ಅದೇ ಹೊತ್ತಿಗೆ ಬೀದಿ ಬೀದಿಯಲ್ಲಿ ಗಣೇಶನ ಮೈಕು. ಲೈಂಗಿಕ ಅಲ್ಪಸಂಖ್ಯಾತರು ನಡೆಸುವ ಬೆಂಗಳೂರಿನ ಪ್ರೈಡ್ ಮೆರವಣಿಗೆ ಸಾಮಾನ್ಯವಾಗಿ ನವೆಂಬರ್ ಕೊನೆಗೆ, ಆಗ ಪ್ರೇಕ್ಷಕರು ಸಿಗುತ್ತಾರೆ, ಆದರೆ ರಾಜ್ಯೋತ್ಸವದ ತಿಂಗಳಲ್ಲಿ ಸಭಾಂಗಣ ಸಿಗಬೇಕಲ್ಲ! ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಿ. ದೊಡ್ಡ ಸಭಾಂಗಣದ ಆಸೆ ಬಿಡಿ, ರಂಗಶಂಕರ, ಹನುಮಂತನಗರದ ಕೆ.ಎಚ್. ಕಲಾಸೌಧ ಇಂಥ ಕಡೆ ನೋಡಿ, ಯಾಕೆಂದರೆ ಈ ನಾಟಕಗಳಲ್ಲಿ ಮೆಲ್ಲಗೆ ಆಡಿದ ಮಾತು ಕೊನೆಯ ಸಾಲಿಗೂ ಕೇಳಬೇಕು. ನಾಟಕದ ವಿಷಯ ಏನು ಅಂತ ಸಭಾಂಗಣದವರಿಗೆ ಮೊದಲೇ ನೇರವಾಗಿ ಹೇಳಿಬಿಡಿ. ಹಿಂದಿನ ದಿನ ಗೊತ್ತಾಗಿ ಗಲಾಟೆ ಆಗುವುದಕ್ಕಿಂತ ಅದು ವಾಸಿ.

ಪಾತ್ರ ಹಂಚುವಾಗ "ನೀನು ನಿಜವಾಗ್ಲೂ ಗೇನಾ?" ಅಂತ ಯಾರನ್ನೂ ಕೇಳಬೇಡಿ. ತಂಡದಲ್ಲಿ ಬೇರೆಯವರು ಕೇಳುವುದಕ್ಕೂ ಬಿಡಬೇಡಿ. ಹೇಳಿಕೊಂಡವರ ಮಾತು ತಾಲೀಮಿನ ಕೋಣೆ ದಾಟಬಾರದು. ಕರಪತ್ರದಲ್ಲಿ ಬೇರೆ ಹೆಸರು ಹಾಕಿ ಅಂದರೆ ಕಾರಣ ಕೇಳದೆ ಹಾಕಿ.

ಅಪ್ಪುಗೆ, ಮುತ್ತು ಇರುವ ದೃಶ್ಯಕ್ಕೆ ಬಂದಾಗ ಹುಡುಗರು ಕಿಸಕ್ಕನೆ ನಗುತ್ತಾರೆ. ನಗಲಿ, ಸುಮ್ನೆ ಬೈಯಬೇಡಿ. ಆ ದೃಶ್ಯವನ್ನು ಕುಣಿತದ ಹೆಜ್ಜೆಯ ಹಾಗೆ ಕೂಡಿಸಿ: ಯಾವ ಮಾತಿಗೆ ಕೈ ಎಲ್ಲಿ, ಎಷ್ಟು ಹೊತ್ತು, ಯಾರು ಮೊದಲು ಹಿಂದೆ ಸರಿಯಬೇಕು. ಇಬ್ಬರೂ ಒಪ್ಪಿದ್ದನ್ನು ಪ್ರದರ್ಶನದ ದಿನ ಯಾರೂ ಬದಲಿಸುವಂತಿಲ್ಲ. ಹೀಗೆ ಮಾಡಿದರೆ ಕೆಲವೇ ದಿನದಲ್ಲಿ ಮುಜುಗರ ಹೋಗಿ ಅಭಿನಯ ಶುರುವಾಗುತ್ತದೆ.

ಈಗ ಪ್ರೇಕ್ಷಕರ ನಗು. ನನ್ನ ಪ್ರಕಾರ ಇಡೀ ಸರಣಿಯಲ್ಲಿ ಕಷ್ಟದ ಕೆಲಸ ಇದೇ. ಯಕ್ಷಗಾನದಲ್ಲಿ ಗಂಡಸು ದ್ರೌಪದಿಯಾಗಿ ಬಂದರೆ ಯಾರೂ ನಗುವುದಿಲ್ಲ, ಹಿಂದೆ ಕಂಪನಿ ನಾಟಕಗಳಲ್ಲಿ ಸ್ತ್ರೀ ಪಾತ್ರ ಮಾಡುತ್ತಿದ್ದ ಗಂಡಸರನ್ನು ನೋಡಿಯೂ ಜನ ಕಣ್ಣೀರು ಹಾಕಿದ್ದಾರೆ. ಅದೇ ನಾಡಿನ ಪ್ರೇಕ್ಷಕ ಪ್ಯಾಂಟು ಶರ್ಟಿನ ಹುಡುಗ ಸ್ವಲ್ಪ ಕೈ ಬಳುಕಿಸಿದರೆ ಗೊಳ್ಳೆನ್ನುತ್ತಾನೆ. ಸಿನಿಮಾ ಕಾಮಿಡಿ ಕಲಿಸಿಟ್ಟ ಚಟ ಅದು. ಹಾಗಂತ ಪಾತ್ರವನ್ನು ಗಂಭೀರ ಮಾಡಿ ಕೂರಿಸಿದರೆ ನಾಟಕ ಸತ್ತೇಹೋಗುತ್ತದೆ. ಶರದ್ ಥರದ ಪಾತ್ರ ಉಪಯೋಗಕ್ಕೆ ಬರುವುದು ಇಲ್ಲೇ. ಮೊದಲ ಜೋಕು ಅವನದೇ ಆಗಲಿ, ಜನ ಅವನ ಜೊತೆ ನಗಲು ಶುರು ಮಾಡಿದ ಮೇಲೆ ಅವನನ್ನು ನೋಡಿ ನಗುವುದು ಕಡಿಮೆಯಾಗುತ್ತದೆ. ಕೈ ಬಳುಕು, ನಡಿಗೆ ಇವನ್ನೆಲ್ಲ ನಟ ಹೊರಗಿನಿಂದ ಅಂಟಿಸಿಕೊಂಡಿದ್ದರೆ ತೆಗೆಸಿ. ಪಾತ್ರದ ಸ್ವಭಾವದಿಂದಲೇ ಬಂದಿದ್ದರೆ, ಜನ ನಕ್ಕರೂ ಸರಿ, ಇರಲಿ. ಪೂರ್ತಿ ತಾಲೀಮಿಗೆ ತಂಡದ ಹೊರಗಿನ ನಾಲ್ಕೈದು ಜನರನ್ನು, ಒಬ್ಬಿಬ್ಬರು ಅಮ್ಮಂದಿರನ್ನೂ ಸೇರಿಸಿ, ಕರೆಯಿರಿ. ಎಲ್ಲಿ ಬೇಡದ ನಗು ಬರುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ಅಂಥ ಕಡೆ ನಟ ಗಾಬರಿಯಾಗಿ ಮಾತು ಓಡಿಸಬಾರದು. ನಗು ಮುಗಿಯುವ ತನಕ ಎದುರಿನವನ ಕಣ್ಣಲ್ಲಿ ಕಣ್ಣಿಟ್ಟು ನಿಲ್ಲಲಿ, ಆಮೇಲೆ ಮಾತಾಡಲಿ.

ನಾಟಕ ಮುಗಿದ ಮೇಲೆ ಸಂವಾದ ಇಟ್ಟರೆ ದಯವಿಟ್ಟು ಮನೋವೈದ್ಯರನ್ನು ಮುಖ್ಯ ಅತಿಥಿ ಮಾಡಬೇಡಿ, ಇದು ಕಾಯಿಲೆಯ ಶಿಬಿರ ಅಲ್ವಲ್ಲ. ಸಂಗಮ, ಗುಡ್ ಆಸ್ ಯೂ ಥರದ ಬೆಂಗಳೂರಿನ ಲೈಂಗಿಕ ಅಲ್ಪಸಂಖ್ಯಾತರ ಗುಂಪುಗಳ ಜೊತೆ ಮೊದಲೇ ಮಾತಾಡಿ ಅವರಲ್ಲಿ ಯಾರನ್ನಾದರೂ ಕರೆಯಿರಿ. ನಟರ ಖಾಸಗಿ ಬದುಕಿನ ಪ್ರಶ್ನೆ ಬಂದರೆ ಉತ್ತರಿಸುವುದು ನಿರ್ದೇಶಕರ ಕೆಲಸ, "ಅದು ನಾಟಕಕ್ಕೆ ಸಂಬಂಧ ಇಲ್ಲ, ಮುಂದಿನ ಪ್ರಶ್ನೆ" ಅಂದರೆ ಸಾಕು. ಸಹಾಯವಾಣಿಯ ನಂಬರ್ ಕರಪತ್ರದಲ್ಲಿ ಹಾಕುವ ಮೊದಲು ಒಮ್ಮೆ ಫೋನ್ ಮಾಡಿ, ಆ ನಂಬರ್ ಈಗಲೂ ನಡೆಯುತ್ತಿದೆಯಾ ನೋಡಿಕೊಳ್ಳಿ.

ಫೋಟೋ ತೆಗೆಯುವವರಿಗೆ ಕ್ಯಾಮೆರಾ ರಂಗದ ಕಡೆ ಮಾತ್ರ ಇರಲಿ ಅಂತ ಮೊದಲೇ ಹೇಳಿ. ಪ್ರೇಕ್ಷಕರ ಮುಖ ಬಿದ್ದ ಒಂದೇ ಒಂದು ಫೋಟೋ ವಾಟ್ಸಾಪಿಗೆ ಹೋದರೂ, ಮುಂದಿನ ವಾರದ ನಾಟಕಕ್ಕೆ ಬರಬೇಕಿದ್ದವರಲ್ಲಿ ಅರ್ಧ ಜನ ಬರುವುದಿಲ್ಲ.